ಗ್ಲಾಸ್ಟರ್ ಕೆನರಿ: ಎರಡಕ್ಕೂ ಜುಟ್ಟು ಇದೆ, ಮೊಟ್ಟೆ ಒಳಗೇ ಮರಿ ಸಾಯ್ತಿದೆ, ಏನ್ ಮಾಡ್ಲಿ?

ಬಾಲ್ಕನಿ_ಭಟ್ಟ (ಜನವರಿ 11)

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ. ನಾನು ಬೆಂಗ್ಳೂರು, ಬಸವನಗುಡಿ ಕಡೆ, ಮೂರನೇ ಫ್ಲೋರು. ಮೊದ್ಲು ಲವ್ ಬರ್ಡ್ಸ್ ಸಾಕಿದ್ದೆ, ಕೆನರಿ (ಹಾಡೋ ಪುಟ್ಟ ಪಂಜರದ ಹಕ್ಕಿ) ಇದೇ ಫಸ್ಟು. ಆಗಸ್ಟ್‌ನಲ್ಲಿ ಒಂದು ಜೋಡಿ ಗ್ಲಾಸ್ಟರ್ ತಳಿ ಕೆನರಿ ತಂದೆ, ಎರಡಕ್ಕೂ ತಲೆ ಮೇಲೆ ಜುಟ್ಟು, ಬಟ್ಟಲು ಮಗುಚಿ ಕಟಿಂಗ್ ಮಾಡ್ದಂಗೆ ಕಣ್ಣಿನ ತನಕ ಇಳಿದಿದೆ. ಮಾರಿದವರು "ಒಂದು ಜುಟ್ಟಿಂದು ಒಂದು ಬೋಳುದು (ಜುಟ್ಟಿಲ್ಲದ್ದು) ತಗೊಂಡ್ರೆ ಅರ್ಧ ಮರಿ ಬೋಳು ಬರುತ್ತೆ ಸರ್, ಎರಡೂ ಜುಟ್ಟಿಂದೇ ತಗೊಳ್ಳಿ" ಅಂದ್ರು, ನಾನೂ ಹೌದಲ್ವಾ ಅನ್ಕೊಂಡು ಜಾಸ್ತಿ ದುಡ್ಡು ಕೊಟ್ಟು ತಂದೆ.

ನವೆಂಬರ್‌ನಲ್ಲಿ ಫಸ್ಟ್ 4 ಮೊಟ್ಟೆ. ಒಂದು ಗೊಡ್ಡು, ಒಂದರಲ್ಲಿ ಮರಿ ಒಳಗೇ ಸತ್ತಿತ್ತು, ಎರಡು ಒಡೀತು ಆದ್ರೆ ಎರಡನೇದು ಎರಡು ದಿನ ಲೇಟು, ಮೂರನೇ ದಿನಕ್ಕೆ ಅದೂ ಹೋಯ್ತು. ಡಿಸೆಂಬರ್‌ನಲ್ಲಿ ಮತ್ತೆ 4, ಎರಡು ಒಳಗೇ ಸತ್ತವು, ಎರಡು ಒಡೆದು ಮತ್ತೆ ಲೇಟಾಗಿ ಒಡೆದದ್ದು ಹೋಯ್ತು. ಈಗ ಒಂದು ದೊಡ್ಡ ಮರಿ, ಒಂದು 12 ದಿನದ್ದು ಇದೆ, ಅಷ್ಟೇ, 8 ಮೊಟ್ಟೆಗೆ ಎರಡು.

ಕಾಳು ಅಂದ್ರೆ ನವಣೆ ಹಾಕ್ತೀನಿ, ಕೊತ್ತಂಬ್ರಿ ಸೊಪ್ಪು, ಸಮುದ್ರ ನೊರೆ (ಕಟಲ್ ಬೋನ್) ಕಟ್ಟಿದೀನಿ. ಎಗ್ ಫುಡ್ ಕೊಡಿ ಅಂತಾರೆ ಎಲ್ರೂ, ಆದ್ರೆ ನಮ್ಮನೇಲಿ ಅಮ್ಮ ಅಡುಗೆಮನೆಗೆ ಮೊಟ್ಟೆ ತರೋ ಹಂಗಿಲ್ಲ ಅಂದಿದಾರೆ. ಅವ್ರ ಪ್ರಕಾರ ಇದೆಲ್ಲ ದೃಷ್ಟಿ, ಪಂಜರಕ್ಕೆ ಕರಿ ದಾರ ಬೇರೆ ಕಟ್ಟಿದ್ರು, ಹೆಣ್ಣು ಅದನ್ನೇ ಬಿಚ್ಕೊಂಡು ಗೂಡಿಗೆ ಹೆಣೆದು ಹಾಕ್ಕೊಂಡಿದೆ 😀

ಗಂಡಿಗೆ ಏನೂ ಪ್ರಾಬ್ಲಮ್ ಇಲ್ಲ ಅನ್ಸುತ್ತೆ, ಬೆಳಿಗ್ಗೆ ಆರಕ್ಕೆ ಹಾಡೋಕೆ ಶುರು ಮಾಡಿದ್ರೆ ಕುಕ್ಕರ್ ವಿಷಲ್ ಜೊತೆ ಕಾಂಪಿಟೇಶನ್. ಇನ್ನೊಂದು, ದೊಡ್ಡ ಮರಿ ನೋಡೋಕೆ ಚೆನ್ನಾಗಿದೆ, ಇದನ್ನ ಹಕ್ಕಿ ಶೋಗೆ ಹಾಕಬಹುದಾ? ಜುಟ್ಟು ಹಿಂದೆ ಒಂಚೂರು ಗ್ಯಾಪ್ ಇದೆ.

ಹಕ್ಕಿಮನೆ_ಮೈಸೂರು

ಭಟ್ರೇ, ಮೊದ್ಲು ಎದ್ದು ಹೋಗಿ ಆ ಕರಿ ದಾರ ಕತ್ತರಿಸಿ ತೆಗೀರಿ, ಆಮೇಲೆ ಬಂದು ಇದನ್ನ ಓದಿ. ತಮಾಷೆ ಅಲ್ಲ. ಮರಿ ಕಾಲಿಗೆ ದಾರ ಸುತ್ತಿಕೊಂಡ್ರೆ ಎರಡೇ ದಿನಕ್ಕೆ ಕಾಲು ಊದಿ ಕಪ್ಪಾಗಿ ಒಣಗಿ ಬಿದ್ದು ಹೋಗುತ್ತೆ, ನಾನೇ ಒಂದು ಒಂಟಿಕಾಲಿನ ಹೆಣ್ಣು ಸಾಕಿದ್ದೀನಿ. ಗೂಡಿಗೆ ಗೋಣಿಚೀಲದ ನಾರು ಕೊಡಿ, ಎರಡು ಇಂಚಿಗಿಂತ ಉದ್ದ ಬೇಡ, ಬಿಡಿಬಿಡಿ ಮಾಡಿ ಬಿಸಿನೀರಲ್ಲಿ ಒಂದ್ಸಲ ಕುದಿಸಿ ಒಣಗಿಸಿ.

ಈಗ ಮೊಟ್ಟೆ ವಿಷ್ಯ. ನಿಮಗೆ ಮಾರಿದವರಿಗೆ ಒಂದೋ ಗೊತ್ತಿಲ್ಲ, ಇಲ್ಲಾ ಬೋಳು ತಲೆ ಹೆಣ್ಣು ಅವತ್ತು ಸ್ಟಾಕ್ ಇರ್ಲಿಲ್ಲ. ಗ್ಲಾಸ್ಟರ್‌ನಲ್ಲಿ ಜುಟ್ಟಿಂದಕ್ಕೆ ಕರೋನಾ ಅಂತಾರೆ (ರೋಗ ಬರೋಕೆ ಮುಂಚಿಂದಲೂ ಇದೇ ಹೆಸರು), ನುಣ್ಣಗಿನ ತಲೆಯದಕ್ಕೆ ಕನ್ಸಾರ್ಟ್. ಯಾವಾಗ್ಲೂ ಒಂದು ಕರೋನಾ ಒಂದು ಕನ್ಸಾರ್ಟ್ ಜೋಡಿ ಮಾಡ್ಬೇಕು. ಜುಟ್ಟಿನ ಜೀನ್ ಅಪ್ಪನಿಂದಲೋ ಅಮ್ಮನಿಂದಲೋ ಒಂದು ಬಂದ್ರೂ ಸಾಕು ಜುಟ್ಟು ಬರುತ್ತೆ, ಆದ್ರೆ ಅಪ್ಪ ಅಮ್ಮ ಇಬ್ರಿಂದಲೂ ಬಂತು ಅಂದ್ರೆ ಆ ಮರಿ ಬದುಕಲ್ಲ, ಮೊಟ್ಟೆ ಒಳಗೇ ಅಥವಾ ಒಡೆದ ಕೂಡ್ಲೇ ಹೋಗಿಬಿಡುತ್ತೆ.

ಲೆಕ್ಕ ನೋಡಿ. ಎರಡೂ ಜುಟ್ಟಿಂದು ಹಾಕಿದ್ರೆ 4 ಮೊಟ್ಟೆಗೆ ಸರಾಸರಿ 2 ಜುಟ್ಟಿಂದು, 1 ಬೋಳುದು, 1 ಸಾವು. ಒಂದು ಜುಟ್ಟಿಂದು ಒಂದು ಬೋಳುದು ಹಾಕಿದ್ರೆ 2 ಜುಟ್ಟಿಂದು, 2 ಬೋಳುದು, ಸಾವು ಇಲ್ಲ. ಅಂದ್ರೆ ಜುಟ್ಟಿನ ಮರಿ ಎರಡು ಕಡೆನೂ ಎರಡೇ! ನೀವು ಜಾಸ್ತಿ ದುಡ್ಡು ಕೊಟ್ಟು ಒಂದು ಸಾಯೋ ಮೊಟ್ಟೆ ಕೊಂಡ್ಕೊಂಡ್ರಿ ಅಷ್ಟೇ, ಬೇಜಾರು ಮಾಡ್ಕೋಬೇಡಿ. ನಿಮ್ದು 8ರಲ್ಲಿ 3 ಮೊಟ್ಟೆ ಒಳಗೇ ಹೋಗಿದೆ, ಲೆಕ್ಕಕ್ಕೆ 2 ಹೋಗ್ಬೇಕು, ಇಷ್ಟು ಕಮ್ಮಿ ಮೊಟ್ಟೆಲಿ ಲೆಕ್ಕ ಸರಿಯಾಗಿ ಬರಲ್ಲ, ಇಲ್ಲಾ ಒಂದಕ್ಕೆ ಬೇರೆ ಕಾರಣ ಇರಬಹುದು.

ಲೇಟಾಗಿ ಒಡೆದ ಮರಿ ಸಾಯೋದು ಬೇರೆನೇ ಕಥೆ, ಅದಕ್ಕೂ ಜುಟ್ಟಿಗೂ ಸಂಬಂಧ ಇಲ್ಲ. ಹೆಣ್ಣು ದಿನಕ್ಕೊಂದು ಮೊಟ್ಟೆ ಇಡುತ್ತೆ, ಬೆಳಿಗ್ಗೆ ಬೆಳಿಗ್ಗೆನೇ. ಮೊದಲ್ನೇ ಮೊಟ್ಟೆಯಿಂದಲೇ ಕಾವಿಗೆ ಕೂತ್ರೆ ಮೊದಲ್ನೇ ಮರಿ ಕೊನೇದಕ್ಕಿಂತ ಮೂರು ದಿನ ದೊಡ್ಡದು, ಅದು ಕತ್ತು ಚಾಚಿ ಬಾಯಿ ತೆಗೆದ್ರೆ ಚಿಕ್ಕದಕ್ಕೆ ಏನೂ ಸಿಗಲ್ಲ. ನಾವು ಮಾಡೋದು ಹೀಗೆ: ಇಟ್ಟ ಮೊಟ್ಟೆನ ಅವತ್ತೇ ಬೆಳಿಗ್ಗೆ ಪ್ಲಾಸ್ಟಿಕ್ ಚಮಚದಲ್ಲಿ ಎತ್ತಿ ಡಮ್ಮಿ ಮೊಟ್ಟೆ ಇಡೋದು. ನಿಜವಾದ್ದನ್ನ ಬಟ್ಟಲಲ್ಲಿ ರಾಗಿ ಹಾಕಿ ಅದರ ಮೇಲೆ ತಣ್ಣಗಿನ ಜಾಗದಲ್ಲಿ ಇಡಿ (ಫ್ರಿಜ್ ಅಲ್ಲ!!), ದಿನಕ್ಕೆ ಎರಡು ಸಲ ಮೆಲ್ಲಗೆ ತಿರುಗಿಸಿ. ನಾಲ್ಕನೇ ಮೊಟ್ಟೆ ಇಟ್ಟ ದಿನ ಎಲ್ಲಾನೂ ಒಟ್ಟಿಗೆ ವಾಪಸ್. ಅಲ್ಲಿಂದ 13–14 ದಿನಕ್ಕೆ ಎಲ್ಲಾ ಒಂದೇ ದಿನ ಒಡೆಯುತ್ತೆ. ಏಳನೇ ದಿನ ರಾತ್ರಿ ಮೊಬೈಲ್ ಟಾರ್ಚ್ ಮೇಲೆ ಹಿಡಿದು ನೋಡಿ, ಜೇಡರ ಬಲೆ ತರ ಕೆಂಪು ನರ ಕಂಡ್ರೆ ಜೀವ ಇದೆ, ಹಳದಿ ನೀರು ತರ ಇದ್ರೆ ಗೊಡ್ಡು.

ಪೇಡೆನಗರಿ

ಮ್ಯಾಲಿನವರು ಎಲ್ಲಾ ಬರೋಬ್ಬರಿ ಹೇಳ್ಯಾರ. ನಾ ಕಾಳಿನ ಬಗ್ಗೆ ಹೇಳ್ತೀನ್ರಿ. ಬರೇ ನವಣಿ ಹಾಕಿದ್ರ ಆಗೂದಿಲ್ಲ. ಕೆನರಿ ಸೀಡ್ ಅಂತನೇ ಬರ್ತದ, ಕೆನಡಾದಿಂದ ಭಾಳ ಬರ್ತದ ಅದು, ತುಟ್ಟಿ ಆದ್ರೂ ಅರ್ಧಕ್ಕಿಂತ ಜಾಸ್ತಿ ಅದೇ ಇರಬೇಕು. ಅದಕ್ಕ ಸ್ವಲ್ಪ ಗುರೆಳ್ಳು ಸೇರಸ್ರಿ, ನೀವು ಹುಚ್ಚೆಳ್ಳು ಅಂತೀರಲ್ಲ ಅದು, ನಮ್ಮ ಮನ್ಯಾಗ ಚಟ್ನಿಗೆ ತಂದಿದ್ದರಾಗ ಅರ್ಧ ಹಕ್ಕಿಗೇ ಹೋಗ್ತದ, ಮನಿಯವರ ಕೂಡ ದಿನಾ ಜಗಳ. ಹಸೀದು ಹಾಕ್ರಿ, ಹುರದದ್ದಲ್ಲ. ಎಣ್ಣಿ ಅಂಶ ಜಾಸ್ತಿ, ಹಂಗಾಗಿ ಚಮಚಾದಲೇ ಅಳದು ಹಾಕಬೇಕು, ಇಲ್ಲಂದ್ರ ದಪ್ಪ ಆಗಿ ಕೂತಲ್ಲೇ ಕೂಡ್ತಾವ.

ಎಗ್ ಫುಡ್‌ಗೆ ಉಪಾಯ ಅದ. ಪ್ಯಾಕೆಟ್‌ನಾಗ ಒಣಾ ಪುಡಿ ಬರ್ತದ, ಅಡಗಿ ಮನಿಗೆ ತರೂದೇ ಬ್ಯಾಡ. ಇಲ್ಲಂದ್ರ ಹಕ್ಕಿ ಖೋಲ್ಯಾಗ ಒಂದು ಕರೆಂಟ್ ಕೆಟ್ಲಿ ಇಟ್ಟು ತತ್ತಿ 10 ಮಿನಿಟ್ ಕುದಿಸ್ರಿ, ರಸ್ಕ್ ಪುಡಿ ಜೋಡಿ ಕಿವಚಿ ಉದುರು ಉದುರು ಮಾಡ್ರಿ. ಮರಿ ಇದ್ದಾಗ ದಿನಕ್ಕ ಮೂರು ಸಲ ಹೊಸಾದು, ಹಳೇದು ಬ್ಯಾಸಗ್ಯಾಗ ಎರಡು ತಾಸಿಗೇ ಹುಳಿ ಆಗ್ತದ.

ನಿಜಾ ಹೇಳಬೇಕಂದ್ರ ಈ ಜುಟ್ಟು ಪಟ್ಟು ನನಗ ಸೇರೂದಿಲ್ಲ. ಕೆನರಿ ಅಂದ್ರ ಹಾಡಬೇಕ್ರಿ! ಜರ್ಮನಿ ಹಾರ್ಜ್ ಗುಡ್ಡದ ರೋಲರ್ ತಳಿ ಕೆನರಿ ಹಾಡು ಒಮ್ಮೆ ಕೇಳ್ರಿ, ಬಾಯಿ ಮುಚ್ಚಿಕೊಂಡೇ ಹಾಡ್ತದ, ಗಂಟಲಷ್ಟೇ ಊದತದ, ನಸುಕಿನ್ಯಾಗ ಖರ್ಜದ ರಿಯಾಜ್ ಮಾಡಿದಂಗ ಕೆಳಗಿನ ಸ್ವರದಾಗ ಗುರ್ರ್ ಅಂತ ಉರುಳತದ. ಅವರ ಸ್ಪರ್ಧಾದಾಗ ನಾಲ್ಕು ಗಂಡು ಒಂದು ಟೀಮ್, ಬಣ್ಣ ಯಾರೂ ನೋಡೂದಿಲ್ಲ, ಕತ್ತಲಿ ಪಂಜರದ ಬಾಗಲಾ ತಗದ ಮ್ಯಾಲೆ ಹಾಡಿದ್ದಕ್ಕಷ್ಟೇ ಮಾರ್ಕು. ಮರಿ ಗಂಡುಗಳು ಹಿರೀ ಹಕ್ಕಿ ಕೇಳಿ ಕಲೀತಾವ, ಗುರು ಛಲೋ ಇಲ್ಲಂದ್ರ ಶಿಷ್ಯನೂ ಹಾಳು. ನನಗೊಬ್ಬರು ರೋಲರ್ ಅಂತ ಕೊಟ್ಟಿದ್ದು ಬಾಯಿ ತಗದು ಚೀವ್ ಚೀವ್ ಅಂತ ಒದರತದ, ಏನ್ ಮಾಡೂದು ಈಗ ಅದೂ ಮನೀ ಮಗಾ.

ಲೆಸ್ಟರ್_ಅಕ್ಕ

ಪೇಡೆನಗರಿಯವರೇ, ಜುಟ್ಟು ಸೇರಲ್ಲ ಅಂತೀರಾ, ನಿಮ್ಮ ರೋಲರ್ ರಕ್ತನೇ ಗ್ಲಾಸ್ಟರ್‌ನಲ್ಲಿ ಇರೋದು! ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನ ಮಿಸೆಸ್ ರಾಜರ್ಸನ್ ಅನ್ನೋವ್ರು ಜುಟ್ಟಿರೋ ರೋಲರ್‌ನ ಸಣ್ಣ ಬಾರ್ಡರ್ ತಳಿ ಕೆನರಿ ಜೊತೆ ಸೇರಿಸಿ ಮಾಡಿದ್ದು, 1925ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಶೋನಲ್ಲಿ ಮೊದಲು ಕಾಣಿಸ್ಕೊಂಡಿದ್ದು. ಚೆಲ್ಟನ್‌ಹ್ಯಾಮ್ ಇರೋ ಸೀಮೆ ಹೆಸರು ಗ್ಲೌಸ್ಟರ್‌ಶೈರ್, ಅದೇ ಗ್ಲಾಸ್ಟರ್ ಆಯ್ತು.

ನಾನು ಹುಟ್ಟಿದ್ದು ತುಮಕೂರು, ಇಲ್ಲಿ ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು 14 ವರ್ಷ, ಪಕ್ಕದ ಮನೆ ಅಜ್ಜ ಹಿಡಿಸಿದ ಹುಚ್ಚು ಇದು. ಭಟ್ಟರೇ ಶೋ ಬಗ್ಗೆ ಕೇಳಿದ್ರಲ್ಲ, ಜುಟ್ಟಲ್ಲಿ ಗ್ಯಾಪ್ ಇದ್ರೆ ಕಷ್ಟ. ಒಟ್ಟು 100 ಪಾಯಿಂಟಲ್ಲಿ ತಲೆಗೇ 20. ಜುಟ್ಟು ಮಧ್ಯದ ಒಂದು ಚುಕ್ಕೆಯಿಂದ ಸುತ್ತಲೂ ದುಂಡಗೆ ಬೀಳ್ಬೇಕು, ಎಲ್ಲೂ ತುಂಡಾಗಬಾರ್ದು, ಕಣ್ಣು ಕಾಣ್ತಿರಬೇಕು. ಸೈಜ್‌ಗೆ 15, ಅದೂ ಪುಟ್ಟದಾದಷ್ಟೂ ಒಳ್ಳೇದು. ಜನ ಜುಟ್ಟಿಂದನ್ನೇ ನೋಡ್ತಾರೆ ಆದ್ರೆ ಒಳ್ಳೆ ಜುಟ್ಟು ಬರೋದು ಒಳ್ಳೆ ಕನ್ಸಾರ್ಟ್‌ನಿಂದ, ಅಗಲ ತಲೆ, ಹುಬ್ಬು ದಪ್ಪ ಇರೋ ಕನ್ಸಾರ್ಟ್ ಹುಡುಕಿ. ಅದನ್ನ ಬೋಳು ಬೋಳು ಅಂತ ಬೈಬೇಡಿ ಪಾಪ.

ಇನ್ನೊಂದು ಯಾರೂ ಹೇಳಿಲ್ಲ. ಗರಿ ಎರಡು ತರ ಇರುತ್ತೆ, ಯೆಲ್ಲೋ ಮತ್ತೆ ಬಫ್. ಬಣ್ಣದ ಹೆಸರಲ್ಲ ಅದು. ಬಫ್ ಗರಿ ತುದಿ ಮಂಜು ಕೂತಂಗೆ ಮಸುಕಾಗಿರುತ್ತೆ, ಗರಿ ಅಗಲ, ಹಕ್ಕಿ ದುಂಡಗೆ ಕಾಣುತ್ತೆ, ಶೋಗೆ ಅದೇ ಬೇಕು ಅಂತ ಬಫ್‌ಗೆ ಬಫ್ ತಲೆಮಾರುಗಟ್ಲೆ ಹಾಕ್ತಾ ಹೋದ್ರೆ ಗರಿ ಚರ್ಮದಿಂದ ಆಚೆ ಬರೋಕಾಗದೆ ಒಳಗೇ ಸುರುಳಿ ಸುತ್ತಿ ಗಂಟಾಗುತ್ತೆ. ನನ್ನ ಒಂದು ಗಂಡಿಗೆ ರೆಕ್ಕೆ ಮೇಲೆ ಕಡಲೆಕಾಳಿನಷ್ಟು ಗಂಟು, ತೆಗೆಸಿದ್ರೂ ಮುಂದಿನ ಗರಿ ಉದುರೋ ಸೀಸನ್‌ಗೆ ಅಲ್ಲೇ ಮತ್ತೆ ಬಂತು. ಅದರ ಕೈಲಿ ಮರಿ ಮಾಡಿಸೋದು ಬಿಟ್ಬಿಟ್ಟೆ. ಹಕ್ಕಿ ತಗೊಳ್ಳೋವಾಗ ರೆಕ್ಕೆ ಬೆನ್ನು ಬೆರಳಲ್ಲಿ ಸವರಿ ನೋಡಿ.

ಶೋಗೆ ಅಭ್ಯಾಸ ಮಾಡ್ಸೋದು ಸುಲಭ, ಶೋ ಪಂಜರನ ಮನೆ ಪಂಜರದ ಬಾಗಿಲಿಗೆ ನೇತು ಹಾಕಿ, ಒಳಗೆ ಒಂದೆಲೆ ಪಾಲಕ್ ಇಡಿ, ಮರಿ ತಾನೇ ಹೋಗಿ ಬಂದು ಮಾಡುತ್ತೆ. ಜಡ್ಜ್ ಕಡ್ಡಿ ತೋರಿಸ್ದಾಗ ಹೆದರಿ ತಳಕ್ಕೆ ಬೀಳೋ ಹಕ್ಕಿಗೆ ಎಷ್ಟು ಚೆಂದ ಇದ್ರೂ ಪ್ರೈಜ್ ಇಲ್ಲ. ಸ್ನಾನ ಮಾಡಿಸೋದು ಮಾತ್ರ ಮೊದಲ ಸಲ ಕೈ ನಡುಗುತ್ತೆ: ಮೂರು ಬೋಗುಣಿ ಉಗುರುಬೆಚ್ಚಗಿನ ನೀರು, ಒಂದರಲ್ಲಿ ಬೇಬಿ ಶಾಂಪೂ, ಶೇವಿಂಗ್ ಬ್ರಷ್‌ನಲ್ಲಿ ತಲೆಯಿಂದ ಬಾಲದ ಕಡೆಗೇ ಸವರಬೇಕು, ಉಲ್ಟಾ ಅಲ್ಲ. ಎದೆ ಮೇಲೆ ಬೆರಳು ಒತ್ತಬಾರ್ದು, ಉಸಿರು ಕಟ್ಟುತ್ತೆ.

ಬಾಲ್ಕನಿ_ಭಟ್ಟ

ದಾರ ತೆಗೆದೆ! ಮರಿ ಎಡಗಾಲಿಗೆ ಒಂದು ಸುತ್ತು ಆಗ್ಲೇ ಬಿದ್ದಿತ್ತು ಸರ್, ಉಗುರು ಕತ್ತರೀಲಿ ಬಿಡಿಸಿದೆ, ಕಾಲು ಬೆಚ್ಚಗಿದೆ, ಬೆರಳು ಮಡಿಸ್ತಿದೆ. ಅಮ್ಮಂಗೆ ತೋರಿಸ್ದೆ, ಏನೂ ಮಾತಾಡ್ಲಿಲ್ಲ, ಸಂಜೆ ತಾವೇ ಬಂದು "ಆ ಕೆಟ್ಲಿ ಹಕ್ಕಿ ರೂಮಲ್ಲೇ ಇರ್ಲಿ, ಆಚೆ ಬರಬಾರ್ದು" ಅಂದ್ರು. ಪರ್ಮಿಶನ್ ಸಿಕ್ತು ಅಂತ ಅರ್ಥ.

ಒಂದು ಡೌಟು, ಇನ್ನೊಂದ್ಸಲ ಮೊಟ್ಟೆ ಇಡಿಸ್ಲಾ ಈ ಸೀಸನ್ನು? ಲೈಟ್ ಹಾಕ್ಬೇಕು ಅಂತಾರಲ್ಲ ಅದೇನು?

ಹಕ್ಕಿಮನೆ_ಮೈಸೂರು

ಹೆಣ್ಣಿಗೆ ಒಂದು ತಿಂಗಳು ರೆಸ್ಟ್ ಕೊಡಿ, ಕನ್ಸಾರ್ಟ್ ಗಂಡು ಹುಡುಕಿ, ಫೆಬ್ರವರಿ ಮಧ್ಯದಲ್ಲಿ ಒಂದೇ ಒಂದು ಸಲ. ಅದಾದ್ಮೇಲೆ ಗೂಡು ತೆಗೆದಿಡಿ, ಬಿಸಿಲು ಜಾಸ್ತಿ ಆಗುತ್ತೆ.

ಲೈಟ್ ವಿಷ್ಯ, ಕೆನರಿಗೆ ಕ್ಯಾಲೆಂಡರ್ ಅಂದ್ರೆ ಬೆಳಕು. ಅಕ್ಕನ ಊರಲ್ಲಿ ಚಳಿಗಾಲದ ಹಗಲು 8 ಗಂಟೆ ಹತ್ರ, ಬೇಸಿಗೇಲಿ ಹದಿನೇಳರ ಹತ್ರ, ಹಗಲು ಉದ್ದ ಆಗ್ತಾ ಬಂದಂಗೆ ಹಕ್ಕಿಗೆ ಮರಿ ಮಾಡೋ ಟೈಮ್ ಅಂತ ತಿಳಿಯುತ್ತೆ. ನಮ್ಮಲ್ಲಿ ಅತಿ ಚಿಕ್ಕ ಹಗಲಿಗೂ ದೊಡ್ಡ ಹಗಲಿಗೂ ಒಂದೂವರೆ ಗಂಟೆ ವ್ಯತ್ಯಾಸ ಅಷ್ಟೇ, ಅದಕ್ಕೇ ಕೆಲವು ಹಕ್ಕಿ ಕನ್ಫ್ಯೂಸ್ ಆಗಿ ಗಂಡು ರೆಡಿ ಇದ್ರೆ ಹೆಣ್ಣು ರೆಡಿ ಇರಲ್ಲ, ಗೊಡ್ಡು ಮೊಟ್ಟೆ ಬರೋದು ಹಿಂಗೂ ಆಗುತ್ತೆ. ಟೈಮರ್ ಹಾಕಿ ವಾರಕ್ಕೆ ಅರ್ಧ ಗಂಟೆ ಹೆಚ್ಚಿಸ್ತಾ 14 ಗಂಟೆಗೆ ತಂದು ನಿಲ್ಲಿಸಿ. ಹಾಲ್ ಲೈಟು ಟಿವಿ ಬೆಳಕು ರಾತ್ರಿ ಹನ್ನೊಂದರ ತನಕ ಹಕ್ಕಿ ಮೇಲೆ ಬೀಳಬಾರ್ದು, ಗರಿ ಉದುರೋದು ಸೀಸನ್ ತಪ್ಪಿಬಿಡುತ್ತೆ. ಗಂಡು ಹಾಡೋದು ನಿಲ್ಲಿಸ್ತು ಅಂತ ಜೂನ್‌ನಲ್ಲಿ ಬಂದು ಪೋಸ್ಟ್ ಹಾಕಬೇಡಿ, ಗರಿ ಉದುರೋವಾಗ ಯಾವ ಗಂಡೂ ಹಾಡಲ್ಲ 😀

ಮತ್ತೆ ಕಿಟಕಿಗೆ ಸೊಳ್ಳೆ ಮೆಶ್ ಹಾಕ್ಸಿ. ಕೆನರಿ ಪಾಕ್ಸ್ ಸೊಳ್ಳೆಯಿಂದ ಬರುತ್ತೆ, ಬಂದ್ರೆ ರೂಮು ಪೂರ್ತಿ ಖಾಲಿ.

ಬಾಲ್ಕನಿ_ಭಟ್ಟ (ಮಾರ್ಚ್ 16)

ಅಪ್‌ಡೇಟ್. ಪರಿಚಯದವರೊಬ್ಬರ ಹತ್ರ ಕನ್ಸಾರ್ಟ್ ಗಂಡು ಸಾಲಕ್ಕೆ ತಂದೆ, ಹಸಿರು ಮೈ, ಹುಬ್ಬು ನೋಡಿದ್ರೆ ನಮ್ಮ ಹೆಡ್‌ಮಾಸ್ಟರ್ ನೆನಪಾಗ್ತಾರೆ. 4 ಮೊಟ್ಟೆ, ಡಮ್ಮಿ ಇಟ್ಟು ರಾಗಿ ಮೇಲೆ ಕಾಯ್ದಿದ್ದಾಯ್ತು, 4ರಲ್ಲಿ 4 ಒಂದೇ ದಿನ ಬೆಳಿಗ್ಗೆ ಒಡೀತು!! ಎರಡಕ್ಕೆ ತಲೆ ಮೇಲೆ ಗರಿ ಮೊಳಕೆ ಸುತ್ತಾಕಾರದಲ್ಲಿ ಬರ್ತಿದೆ, ಎರಡಕ್ಕೆ ನೇರವಾಗಿ. ಅಮ್ಮ ಬೆಳಿಗ್ಗೆ ಪೂಜೆ ಮುಗಿಸಿ ಬಂದು ಬಾಗಿಲಲ್ಲೇ ನಿಂತು "ತಿಂದ್ವಾ?" ಅಂತ ಕೇಳ್ತಾರೆ, ಒಳಗೆ ಮಾತ್ರ ಬರಲ್ಲ.

ಒಂದು ತಪ್ಪು ಮಾಡ್ಬಿಟ್ಟೆ, ಆಫೀಸ್ ಟೆನ್ಶನ್‌ನಲ್ಲಿ ಮರಿಗಳ ಕಾಲಿಗೆ ಗುರುತಿನ ರಿಂಗ್ ಹಾಕೋದು ಮರ್ತೆ, ಇವತ್ತು ಹನ್ನೊಂದನೇ ದಿನ, ಟ್ರೈ ಮಾಡಿದ್ರೆ ಬೆರಳ ಗಂಟು ದಾಟ್ತಿಲ್ಲ. ಎಣ್ಣೆ ಹಚ್ಚಿ ಹಾಕ್ಲಾ?

ಲೆಸ್ಟರ್_ಅಕ್ಕ

ಬೇಡ ಬೇಡ, ಬಲವಂತ ಮಾಡಬೇಡಿ, ಬೆರಳು ಮುರಿಯುತ್ತೆ. 5ರಿಂದ 8 ದಿನದ ಒಳಗೇ ಹಾಕ್ಬೇಕಿತ್ತು. ಈಗ ಬಣ್ಣದ ಓಪನ್ ಪ್ಲಾಸ್ಟಿಕ್ ರಿಂಗ್ ಹಾಕಿ ಯಾವುದು ಯಾವ ಜೋಡಿದು ಅಂತ ಬರೆದಿಡಿ, ಹುಟ್ಟಿದ ವರ್ಷ ಸಾಬೀತು ಮಾಡೋಕೆ ಮುಚ್ಚಿದ ರಿಂಗೇ ಬೇಕು ಅನ್ನೋ ಶೋ ಕ್ಲಾಸ್‌ಗೆ ಇವು ಹೋಗಲ್ಲ ಅಷ್ಟೇ. ಜುಟ್ಟಿನ ಎರಡರ ಫೋಟೋ ಮೇಲಿಂದ ತೆಗೆದು ಹಾಕಿ, ನೋಡೋಣ.