ಪದಚರ್ಚೆ: ‘ಡೆಫರ್’ ಆದ ಅರ್ಜಿಗೆ, ಪಾಸಾಗದೆ ಉಳಿದ ವಿಷಯಕ್ಕೆ ಕನ್ನಡದಲ್ಲಿ ಏನನ್ನೋಣ?

ವಿಜಯಪುರದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯು ಮಕ್ಕಳಿಗೂ ಅವರ ಪಾಲಕರಿಗೂ ಕೊಡಲು ಎರಡು ಪುಟದ ಕನ್ನಡ ಕರಪತ್ರವೊಂದು ತಯಾರಾಗುತ್ತಿದೆ. ಅಂಕ ಕಡಿಮೆ ಬಂದರೆ ಏನು ಮಾಡಬೇಕು, ಬೇಕಾದ ಕಾಲೇಜು ಕೂಡಲೇ ಹೂಂ ಅನ್ನದಿದ್ದರೆ ಮುಂದೇನು ಎಂಬುದು ವಿಷಯ. ಒಂದು ಪುಟ ನಮ್ಮ ಪಿಯು, ಸಿಇಟಿಗೆ. ಇನ್ನೊಂದು ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವವರಿಗೆ.

ಅಮೆರಿಕದ ಕಾಲೇಜುಗಳು ಹೂಂ, ಉಹೂಂ ಎರಡೂ ಅನ್ನದೆ ಕೊಡುವ ‘ಡೆಫರ್’ ಎಂಬ ಉತ್ತರಕ್ಕೆ ಕರಡಿನಲ್ಲಿ ‘ಪ್ರವೇಶ ಮುಂದೂಡಲಾಗಿದೆ’ ಎಂದು ಬರೆಯಲಾಗಿದೆ. ಓದಿದ ಪಾಲಕರು ‘ಹಂಗಾರ ಸೀಟು ಸಿಕ್ಕಂಗಾತು, ಮುಂದಿನ ವರ್ಷ ಹೋಗೂದು’ ಎಂದು ಅರ್ಥ ಮಾಡಿಕೊಳ್ಳುತ್ತಿದ್ದಾರೆ. ಇದಕ್ಕೆ ಸರಿಯಾದ ಪದ ಯಾವುದು? ‘ನಪಾಸು’ ಇಡಬೇಕೋ ‘ಅನುತ್ತೀರ್ಣ’ ಇಡಬೇಕೋ? ಮರುಎಣಿಕೆ, ಮರುಮೌಲ್ಯಮಾಪನ ಎರಡನ್ನೂ ಜನ ಒಂದೇ ಅಂತ ತಿಳಿಯುತ್ತಾರೆ, ಹೇಗೆ ಬಿಡಿಸಿ ಹೇಳುವುದು? ಕೊನೆಯದಾಗಿ, ಕರಪತ್ರದ ಹೆಸರಲ್ಲೇ ಇರುವ ‘ಕೋಪಿಂಗ್’ಗೆ (ಪೆಟ್ಟು ಬಿದ್ದಾಗ ಮನಸ್ಸನ್ನು ತಹಬಂದಿಗೆ ತಂದುಕೊಳ್ಳುವುದು) ಒಂದು ಮನೆಮಾತು ಬೇಕು.

ಬೆಳಗಾವಿಯಿಂದ

ಮೇಡಂ, ‘ಪ್ರವೇಶ ಮುಂದೂಡಿಕೆ’ ಎಂಬ ಪದದಲ್ಲಿ ದೋಷವಿಲ್ಲ, ಅದು ಬೇರೆ ಸಂಗತಿಗೆ ಸೇರಿದ್ದು. ಅಲ್ಲಿಯ ಕಾಲೇಜುಗಳಲ್ಲಿ ‘ಡೆಫರ್’ ಎರಡು ಜಾಗದಲ್ಲಿ ಬರುತ್ತದೆ. ಸೀಟು ಸಿಕ್ಕ ವಿದ್ಯಾರ್ಥಿ ತಾನಾಗಿ ‘ಈ ವರ್ಷ ಆಗಲ್ಲ, ಮುಂದಿನ ವರ್ಷ ಬರುತ್ತೇನೆ’ ಎಂದು ಕೇಳಿಕೊಂಡು ಕಾಲೇಜು ಒಪ್ಪಿದರೆ, ಅದು ಪ್ರವೇಶದ ಮುಂದೂಡಿಕೆ. ನಿಮಗೆ ಬೇಕಾಗಿರುವುದು ಇನ್ನೊಂದು. ನವೆಂಬರ್ 1 ಅಥವಾ 15ರ ಸುಮಾರಿಗೆ ಗಡುವು ಇರುವ ‘ಅರ್ಲಿ’ ಸುತ್ತಿಗೆ ಅರ್ಜಿ ಹಾಕಿದವರಿಗೆ ಸಾಮಾನ್ಯವಾಗಿ ಡಿಸೆಂಬರ್ ಮಧ್ಯಕ್ಕೆ ಉತ್ತರ ಬರುತ್ತದೆ. ಸೀಟು ಉಂಟು, ಇಲ್ಲ, ಅಥವಾ ಡೆಫರ್. ಈ ಮೂರನೆಯದೆಂದರೆ ಅರ್ಜಿಯನ್ನು ಸಾಮಾನ್ಯ ಸುತ್ತಿನ ಅರ್ಜಿಗಳ ಜೊತೆ ಸೇರಿಸಿ ಮತ್ತೊಮ್ಮೆ ನೋಡುತ್ತೇವೆ, ಮಾರ್ಚ್ ಕೊನೆ ಇಲ್ಲವೇ ಏಪ್ರಿಲ್ ಮೊದಲಿಗೆ ತಿಳಿಸುತ್ತೇವೆ ಎಂದು. ಮುಂದಕ್ಕೆ ಹೋದದ್ದು ಕಾಲೇಜಿನ ತೀರ್ಮಾನ. ಆದ್ದರಿಂದ ‘ತೀರ್ಮಾನ ಮುಂದೂಡಿಕೆ’ ಎನ್ನಿ. ಆಡುಮಾತಿನಲ್ಲಿ ‘ಮುಂದ ಹಾಕ್ಯಾರ’ ಅಂದರೂ ಸಾಕು. ಕೋರ್ಟಿನ ತಾರೀಖಿಗೆ ಆ ಮಾತು ಕೇಳಿ ಗೊತ್ತಿರುವ ಪಾಲಕರಿಗೆ, ಕೇಸು ಗೆದ್ದೂ ಇಲ್ಲ ಸೋತೂ ಇಲ್ಲ ಎಂಬುದು ಬಿಡಿಸಿ ಹೇಳದೆ ತಿಳಿಯುತ್ತದೆ.

ಇನ್ನೆರಡು ಪದಗಳು ಕೈಗೆ ಬರುತ್ತವೆ, ಎರಡನ್ನೂ ದೂರ ಇಡುವುದು ಒಳ್ಳೆಯದು. ‘ತೀರ್ಪು ಕಾಯ್ದಿರಿಸಲಾಗಿದೆ’ ಎಂಬ ಪತ್ರಿಕಾ ಭಾಷೆ ಚಂದವಿದೆ, ಆದರೆ ಸೀಟಿನ ಮಾತು ನಡೆದಿರುವಾಗ ‘ಕಾಯ್ದಿರಿಸು’ ಬಂತೆಂದರೆ ಜನ ಬಸ್ಸಿನ ಸೀಟು ಕಾಯ್ದಿರಿಸಿದ ಹಾಗೆ ಓದುತ್ತಾರೆ. ‘ತಡೆಹಿಡಿಯಲಾಗಿದೆ’ ಅಂದರೆ ನಕಲು ಮಾಡಿ ಸಿಕ್ಕಿಬಿದ್ದನೋ, ಶುಲ್ಕ ಬಾಕಿಯೋ ಎಂಬ ಅನುಮಾನ. ಮೇಲಾಗಿ ಆ ಪದ ನಿಮ್ಮ ಸಿಇಟಿ ಪುಟಕ್ಕೇ ಬೇಕಾಗುತ್ತದೆ. ಸಿಬಿಎಸ್‌ಇ, ಸಿಐಎಸ್‌ಸಿಇ (ಐಸಿಎಸ್‌ಇ ನಡೆಸುವ) ಮಂಡಳಿಗಳ ಮಕ್ಕಳ 12ನೇ ತರಗತಿ ಅಂಕ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ತಲುಪದೆ ಇದ್ದರೆ ರ‍್ಯಾಂಕ್ ತಡೆಹಿಡಿಯುತ್ತಾರೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, 12ನೆಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ. ಒಂದು ಅರ್ಧ ಇಲ್ಲದೆ ಲೆಕ್ಕ ಕೂಡುವುದಿಲ್ಲ. ಅಂಕ ನಮೂದಿಸಿದರೆ ರ‍್ಯಾಂಕ್ ಬರುತ್ತದೆ, ಮಗುವಿನ ಯೋಗ್ಯತೆಗೂ ಅದಕ್ಕೂ ಸಂಬಂಧವಿಲ್ಲ.

‘ವೇಟ್‌ಲಿಸ್ಟ್’ ಬೇರೆ, ಇದರೊಡನೆ ಬೆರೆಸಬೇಡಿ. ಅದು ಸಾಮಾನ್ಯ ಸುತ್ತಿನ ಫಲಿತಾಂಶದ ಜೊತೆ ಬರುವುದು. ಸೀಟು ಸಿಕ್ಕವರು ಸಾಮಾನ್ಯವಾಗಿ ಮೇ 1ರೊಳಗೆ ಒಪ್ಪಿಗೆ ತಿಳಿಸಬೇಕು, ಅವರು ಬಿಟ್ಟ ಜಾಗಕ್ಕೆ ಆಮೇಲೆ ಕರೆಯುತ್ತಾರೆ. ‘ಕಾಯುವ ಪಟ್ಟಿ’ ಎನ್ನಿ, ರೈಲಿನ ವೇಟಿಂಗ್ ಲಿಸ್ಟಿನಂತೆ ನಂಬರು ಇಳಿಯುತ್ತಾ ಬರುವುದಿಲ್ಲ ಎಂದು ಪಕ್ಕದಲ್ಲೇ ಹೇಳಿ. ಬಹಳಷ್ಟು ಕಾಲೇಜುಗಳು ಸರದಿ ನಂಬರನ್ನೇ ಕೊಡುವುದಿಲ್ಲ.

‘ಅರ್ಲಿ ಡಿಸಿಷನ್’ಗೆ ನಮ್ಮಲ್ಲಿ ಒಳ್ಳೆಯ ಕಚೇರಿ ಪದವಿದೆ: ಮುಚ್ಚಳಿಕೆ. ‘ಸೀಟು ಕೊಟ್ಟರೆ ಬಂದೇ ಬರುತ್ತೇನೆ’ ಎಂದು ಮುಚ್ಚಳಿಕೆ ಬರೆದುಕೊಟ್ಟು ಹಾಕುವ ಅರ್ಜಿ ಅದು. ಅರ್ಲಿ ಸುತ್ತಿನ ಇನ್ನೊಂದು ಬಗೆಯಾದ ‘ಅರ್ಲಿ ಆಕ್ಷನ್’ನಲ್ಲಿ ಮುಚ್ಚಳಿಕೆ ಇಲ್ಲ. ಡೆಫರ್ ಆದ ಕೂಡಲೇ ಮುಚ್ಚಳಿಕೆ ಬಿದ್ದುಹೋಗುತ್ತದೆ, ಬೇರೆ ಕಡೆ ಸೀಟು ಸಿಕ್ಕರೆ ಹೋಗಬಹುದು. ಇದನ್ನು ಬರೆಯಲೇಬೇಕು, ಏಕೆಂದರೆ ಇನ್ನೂ ಕಟ್ಟುಬಿದ್ದಿದ್ದೇವೆ ಎಂದುಕೊಂಡು ಮಕ್ಕಳು ಸುಮ್ಮನಾಗುತ್ತಾರೆ. ಬೇರೆ ಕಾಲೇಜುಗಳ ಸಾಮಾನ್ಯ ಸುತ್ತಿನ ಗಡುವು ಹೆಚ್ಚಾಗಿ ಜನವರಿ ಮೊದಲ ವಾರಗಳಲ್ಲಿ ಇರುವುದರಿಂದ ಕೈಯಲ್ಲಿ ಉಳಿಯುವುದು ಎರಡು ಮೂರು ವಾರ.

ಡೆಫರ್ ಮಾಡಿದ ಕಾಲೇಜಿಗೆ ಏನು ಕಳಿಸಬೇಕು ಎಂಬುದು ಆ ಪತ್ರದಲ್ಲೇ ಇರುತ್ತದೆ, ಮೊದಲು ಅದನ್ನು ಪೂರ್ತಿ ಓದಿಸಿ. ಕೆಲವರು ಒಂದು ಫಾರ್ಮ್ ತುಂಬಿಸುತ್ತಾರೆ, ಕೆಲವರು ಏನೂ ಕಳಿಸಬೇಡಿ ಎಂದೇ ಹೇಳುತ್ತಾರೆ. ಪತ್ರಕ್ಕೆ ಅವಕಾಶವಿದ್ದರೆ ಒಂದೇ ಪುಟ: ಈಗಲೂ ಬರಲು ಮನಸ್ಸಿದೆ, ಅರ್ಜಿ ಹಾಕಿದ ಮೇಲೆ ಹೊಸದಾಗಿ ಆದದ್ದು ಇಷ್ಟು. ಹಳೆಯ ಪ್ರಬಂಧವನ್ನೇ ಮತ್ತೆ ಬರೆದರೆ ಪ್ರಯೋಜನವಿಲ್ಲ. ನಮ್ಮ ಪಿಯು ಮಕ್ಕಳು ಎಡವುವುದು ಅರ್ಧವರ್ಷದ ಅಂಕಗಳಲ್ಲಿ. ಆ ಕಾಲೇಜುಗಳಿಗೆ ವರ್ಷದ ನಡುವಿನ ಅಂಕಪಟ್ಟಿ ಬೇಕು. ಇಲ್ಲಿ ಮಧ್ಯವಾರ್ಷಿಕ ಅಂಕ ಕಾಲೇಜಿನ ರಿಜಿಸ್ಟರಿನಲ್ಲೇ ಉಳಿಯುತ್ತದೆ, ಯಾರೂ ಕೇಳುವುದಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯ ಗಡಿಬಿಡಿ ಶುರುವಾಗುವ ಮುಂಚೆ ಪ್ರಾಂಶುಪಾಲರ ಸಹಿ, ಮೊಹರು ಹಾಕಿಸಿ ಇಟ್ಟುಕೊಳ್ಳಲಿ.

ಬಾಗಲಕೋಟೆಯಿಂದ

ಬೆಳಗಾವಿಯ ಸರ್ ಹೇಳಿದ್ದಕ್ಕೆ ಸೇರಿಸಿ ನಮ್ಮ ಪಿಯು, ಸಿಇಟಿ ಪುಟದ ಪದಗಳು. ‘ನಪಾಸು’ ನಾಲಾಯಕ್, ನಾಪಸಂದಗಳ ‘ನಾ’ ಇಂಗ್ಲಿಷ್ ಪಾಸಿಗೆ ಅಂಟಿ ಆದ ಪದ. ಬೆಳಗಾವಿ ಕಡೆ ಮರಾಠಿ ಬಳಕೆಯಿಂದ ‘ನಾಪಾಸ’ ಎಂದೇ ಅನ್ನುವುದುಂಟು. ‘ಅನುತ್ತೀರ್ಣ’ ಸುತ್ತೋಲೆಗೆ ಸರಿ, ಮನೆಯಲ್ಲಿ ಯಾರೂ ಆಡುವುದಿಲ್ಲ. ಎರಡರಲ್ಲೂ ತೊಂದರೆ ಎಂದರೆ ಅವು ಹುಡುಗನಿಗೆ ಅಂಟುತ್ತವೆ, ‘ನಪಾಸಾದ ಹುಡುಗ’. ನಮ್ಮ ಕಡೆ ಆಡುವುದು ಹಾಗಲ್ಲ: ‘ಗಣಿತ ಉಳದದ’, ‘ಎರಡು ವಿಷಯ ಹೋಗ್ಯಾವ’. ವಿಟಿಯು (ಎಂಜಿನಿಯರಿಂಗ್ ವಿಶ್ವವಿದ್ಯಾಲಯ) ಹುಡುಗರಂತೂ ‘ಬ್ಯಾಕ್ ಉಳದಾವ’ ಅಂತ ಚಹಾ ಕುಡಿಯುತ್ತಲೇ ಹೇಳುತ್ತಾರೆ. ‘ಉಳಿದ ವಿಷಯ’ ಎಂದೇ ಬರೆಯಿರಿ. ಈಗಿನ ಪದ್ಧತಿಗೂ ಅದೇ ಒಪ್ಪುತ್ತದೆ. 2024ರಿಂದ ಪಿಯು, ಎಸ್ಸೆಸ್ಸೆಲ್ಸಿ ಎರಡಕ್ಕೂ ಪರೀಕ್ಷೆ-1, 2 ಎಂದು ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ, ಹೆಚ್ಚು ಬಂದ ಅಂಕ ಉಳಿಸಿಕೊಳ್ಳಬಹುದು, ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. ಹಾಗಾಗಿ ‘ಪೂರಕ ಪರೀಕ್ಷೆ’ ಕರಡಿನಲ್ಲಿದ್ದರೆ ತೆಗೆಯಿರಿ, ಅದು ಹಳೆಯ ಹೆಸರು, ಹಳೆಯ ಕಳಂಕವೂ ಜೊತೆಗೇ ಬರುತ್ತದೆ.

ಮರುಎಣಿಕೆ ಎಂದರೆ ಕೊಟ್ಟ ಅಂಕಗಳನ್ನು ಮತ್ತೆ ಕೂಡುವುದು, ಅಷ್ಟೇ. ಮರುಮೌಲ್ಯಮಾಪನ ಎಂದರೆ ಉತ್ತರವನ್ನೇ ಮತ್ತೆ ತಿದ್ದುವುದು. ಪಿಯುನಲ್ಲಿ ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಂಡವರಿಗೆ ಮಾತ್ರ ಮರುಮೌಲ್ಯಮಾಪನಕ್ಕೆ ಅವಕಾಶ. 2024ರಲ್ಲಿ ಸ್ಕ್ಯಾನ್ ಪ್ರತಿಗೆ ವಿಷಯವೊಂದಕ್ಕೆ 530 ರೂಪಾಯಿ, ಮರುಮೌಲ್ಯಮಾಪನಕ್ಕೆ 1,670 ಇತ್ತು. ಸ್ಕ್ಯಾನ್ ಬಂದ ಮೇಲೆ ಒಳಪುಟಗಳ ಅಂಕಗಳನ್ನು ಒಂದೊಂದಾಗಿ ಕೂಡಿ ಮುಖಪುಟದ ಮೊತ್ತಕ್ಕೆ ಹೋಲಿಸಲಿ, ಆ ವಿಷಯದ ಉಪನ್ಯಾಸಕರಿಗೆ ತೋರಿಸಲಿ. ಸ್ಕ್ಯಾನ್ ಪ್ರತಿಯ ಗಡುವು ಮೊದಲೇ ಮುಗಿಯುತ್ತದೆ. ಅದು ತಪ್ಪಿದರೆ ಮರುಮೌಲ್ಯಮಾಪನವೂ ತಪ್ಪಿತು.

ಕರಡಿನಲ್ಲಿ ಜೆಇಇ ಪರ್ಸೆಂಟೈಲ್‌ಗೆ ‘ಶೇಕಡಾ’ ಎಂದಿದ್ದರೆ ತಿದ್ದಿ. 90 ಪರ್ಸೆಂಟೈಲ್ ಎಂದರೆ ಬರೆದ ನೂರರಲ್ಲಿ ತೊಂಬತ್ತು ಮಂದಿ ಅಷ್ಟೇ ಅಥವಾ ಅದಕ್ಕಿಂತ ಕಡಿಮೆ ಅಂಕ ಪಡೆದಿದ್ದಾರೆ ಎಂದು, ನೂರಕ್ಕೆ 90 ಅಂಕ ಎಂದಲ್ಲ. ಅಮೆರಿಕದ ಕಾಲೇಜುಗಳಿಗಾಗಿ ಬರೆಯುವ ಎಸ್‌ಎಟಿ ಪರೀಕ್ಷೆಯ ಅಂಕವನ್ನೂ ಶೇಕಡಾಕ್ಕೆ ಇಳಿಸಬೇಡಿ. ಅದು ಸೊನ್ನೆಯಿಂದ ಅಲ್ಲ, 400ರಿಂದ ಶುರುವಾಗಿ 1600ಕ್ಕೆ ಮುಗಿಯುತ್ತದೆ.

ಸಿಇಟಿಯಲ್ಲಿ ಪದ ಕೈಕೊಡುವ ಜಾಗ ಇನ್ನೊಂದಿದೆ. ಆಪ್ಷನ್ (ಬೇಕಾದ ಕಾಲೇಜುಗಳ ಪಟ್ಟಿ), ಚಾಯ್ಸ್ (ಸೀಟು ಹಂಚಿಕೆಯಾದ ಮೇಲೆ ನಾವು ಕೊಡುವ ಉತ್ತರ) ಎರಡೂ ಕನ್ನಡದಲ್ಲಿ ‘ಆಯ್ಕೆ’ ಆಗಿಬಿಡುತ್ತವೆ. ‘ಎರಡನೇ ಆಯ್ಕೆ’ ಎಂದರೆ ಪಟ್ಟಿಯ ಎರಡನೇ ಕಾಲೇಜೋ, ಚಾಯ್ಸ್-2ಓ? ಮೊದಲನೆಯದನ್ನು ‘ಆದ್ಯತೆ ಪಟ್ಟಿ’ ಎನ್ನಿ, ಚಾಯ್ಸ್ ಅನ್ನು ಹಾಗೇ ಬಿಡಿ. ಚಾಯ್ಸ್-1: ಸಾಕು, ಸೇರುತ್ತೇನೆ. 2: ಇದು ಇರಲಿ, ಮೇಲಿನದು ಸಿಕ್ಕರೆ ನೋಡೋಣ. 3: ಇದು ಬೇಡ, ಮುಂದಿನ ಸುತ್ತಿಗೆ ಇರುತ್ತೇನೆ. 4: ಇದೂ ಬೇಡ, ಸುತ್ತೂ ಬೇಡ. ಎರಡರ ಬದಲು ಮೂರು ಒತ್ತಿದರೆ ಕೈಯಲ್ಲಿದ್ದ ಸೀಟು ಹೋಗುತ್ತದೆ. ಪತ್ರಿಕೆಗಳ ‘ಅಣಕು ಸೀಟು ಹಂಚಿಕೆ’ಯೂ ಬೇಡ, ಮೊದಲೇ ಸೋತ ಮಗುವಿಗೆ ಅಣಕಿಸಿದ ಹಾಗೆ ಕೇಳುತ್ತದೆ. ‘ಮಾದರಿ ಹಂಚಿಕೆ’ ಎಂದು ಬರೆದು, ಇದರಲ್ಲಿ ಸೀಟು ಸಿಗುವುದೂ ಇಲ್ಲ, ತಪ್ಪುವುದೂ ಇಲ್ಲ, ಆದ್ಯತೆ ಪಟ್ಟಿ ತಿದ್ದಿಕೊಳ್ಳಲು ಇರುವುದು ಎನ್ನಿ.

‘ಕೋಪಿಂಗ್’ಗೆ ‘ಸುಧಾರಿಸಿಕೊಳ್ಳುವುದು’ ನಮ್ಮ ಕಡೆಯ ಸಹಜ ಮಾತು, ಆದರೆ ಅಂಕದ ಪಕ್ಕ ಕೂತರೆ ಅಂಕ ಸುಧಾರಣೆ ಎಂದಾಗಿಬಿಡುತ್ತದೆ. ‘ನಿಭಾಯಿಸು’ ಸಂಸಾರಕ್ಕೆ, ಕೆಲಸಕ್ಕೆ. ‘ಸಾವರಿಸಿಕೊಳ್ಳುವುದು’ ಸರಿಹೊಂದುತ್ತದೆ. ‘ಹತಾಶೆ’ ಬೇಡ, ‘ನಿರಾಶೆ’ ಸಾಕು. ಮಗು ಊಟ, ನಿದ್ದೆ ಬಿಟ್ಟು ತೀರಾ ಮನಸಿಗೆ ಹಚ್ಚಿಕೊಂಡಿದ್ದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ನಂಬರು 14416 ಮೊದಲ ಪುಟದಲ್ಲೇ ದೊಡ್ಡದಾಗಿ ಇರಲಿ.

ವಿಜಯಪುರದಿಂದ ಮತ್ತೆ

ಇಬ್ಬರಿಗೂ ಧನ್ಯವಾದ. ತಿದ್ದಿದ ಸಾಲು ಹೀಗಿದೆ, ನೋಡಿ ಹೇಳಿ: ‘ನಿಮ್ಮ ಅರ್ಜಿಯ ತೀರ್ಮಾನವನ್ನು ಮಾರ್ಚ್ ಕೊನೆಗೆ ಮುಂದೂಡಿದ್ದಾರೆ. ಸೀಟು ಸಿಕ್ಕಿಲ್ಲ, ತಪ್ಪಿಯೂ ಇಲ್ಲ. ಅಲ್ಲಿಯವರೆಗೆ ಕಾಯಿರಿ.’

ಬೆಳಗಾವಿಯಿಂದ

‘ಕಾಯಿರಿ’ ತೆಗೆದು ‘ಬೇರೆ ಕಾಲೇಜುಗಳ ಅರ್ಜಿ ಈ ವಾರವೇ ಮುಗಿಸಿ’ ಎಂದು ಹಾಕಿ ಮೇಡಂ. ‘ಡೆಫರ್’ ಎಂಬ ಪದವನ್ನೂ ಪಕ್ಕದಲ್ಲಿ ಉಳಿಸಿ. ಬರುವ ಮೇಲ್‌ನಲ್ಲಿ ಮಕ್ಕಳು ನೋಡುವುದು ಅದನ್ನೇ.