ರಾಕೆಟ್ಟಿನ ಬುಡದಲ್ಲಿರುವುದು ರೆಕ್ಕೆಯೋ, ಗರಿಯೋ?

ಬಳಗದ ಎಲ್ಲರಿಗೂ ನಮಸ್ಕಾರ.

ರಾಕೆಟ್ಟಿನ ಬುಡಕ್ಕೆ ಸುತ್ತಲೂ ಅಂಟಿಸುವ ‘ಫಿನ್’ಗೆ ಕನ್ನಡದಲ್ಲಿ ಏನೆನ್ನಬೇಕು? ‘ಗರಿ’ ಎನ್ನಬಹುದೆಂದು ನನಗೆ ತೋರಿದೆ. ರಾಕೆಟ್ ಬಗ್ಗೆ ಮಗಳು ಬರೆದ ಬರಹ ಅಚ್ಚಿಗೆ ಹೋಗುವ ಮೊದಲು ನಿಮ್ಮೆಲ್ಲರ ಅಭಿಪ್ರಾಯ ಬೇಕು.

ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗಳು 2024ರ ಅಮೆರಿಕನ್ ರಾಕೆಟ್ರಿ ಚಾಲೆಂಜ್ ಸ್ಪರ್ಧೆಯಲ್ಲಿ ಶಾಲೆಯ ಐವರ ತಂಡದಲ್ಲಿದ್ದಳು. ಆರರಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳಿಗೆಂದೇ ನಡೆಯುವ ಸ್ಪರ್ಧೆ ಇದು. ಆ ವರ್ಷ ಕೊಟ್ಟ ಸವಾಲು ಹೀಗಿತ್ತು: ರಾಕೆಟ್ ಒಂದು ಹಸಿ ಕೋಳಿಮೊಟ್ಟೆಯನ್ನು ಹೊತ್ತು ಸರಿಯಾಗಿ 820 ಅಡಿ, ಅಂದರೆ ಸುಮಾರು 250 ಮೀಟರ್ ಏರಬೇಕು. ಮೇಲೆದ್ದ ಕ್ಷಣದಿಂದ ಎಣಿಸಿ 43ರಿಂದ 46 ಸೆಕೆಂಡಿನ ನಡುವೆ ನೆಲ ಮುಟ್ಟಬೇಕು. ಮೊಟ್ಟೆ ಬಿರುಕು ಬಿಟ್ಟರೆ ಆ ಹಾರಾಟ ಲೆಕ್ಕಕ್ಕಿಲ್ಲ. ಎತ್ತರದಲ್ಲಿ ಒಂದು ಅಡಿ ಹೆಚ್ಚುಕಡಿಮೆಯಾದರೆ ಒಂದು ಅಂಕ ದಂಡ. ದಂಡ ಕಡಿಮೆಯಿರುವ ನೂರು ತಂಡಗಳು ಮೇ ತಿಂಗಳಲ್ಲಿ ವರ್ಜೀನಿಯಾದ ದ ಪ್ಲೇನ್ಸ್ ಎಂಬ ಊರಿನಲ್ಲಿ ಅಂತಿಮ ಸುತ್ತಿಗೆ ಸೇರುತ್ತವೆ. ಮಗಳ ತಂಡ ಆ ನೂರರೊಳಗೆ ಬರಲಿಲ್ಲ. ಆದರೂ ಮೆಕ್ಕೆಜೋಳ ಕೊಯ್ದ ಹೊಲದಲ್ಲಿ ಆ ಚಳಿಗಾಲವಿಡೀ ಮಕ್ಕಳು ಕಲಿತದ್ದು ಬಹಳ.

ಆ ಅನುಭವವನ್ನು ಇಲ್ಲಿನ ಕನ್ನಡ ತರಗತಿಯ ಚಿಕ್ಕ ಮಕ್ಕಳಿಗೆ ಹೇಳುವ ಕೆಲಸ ಈಚೆಗೆ ಅವಳ ಪಾಲಿಗೆ ಬಂತು. ಚೆನ್ನಾಗಿ ತಯಾರಾಗಿ ಹೋಗಿದ್ದಳು. “ರಾಕೆಟ್ಟಿಗೆ ನಾಲ್ಕು ರೆಕ್ಕೆಗಳಿವೆ” ಎಂದು ಅವಳು ಶುರುಮಾಡಿದ ಕೂಡಲೇ ಎಂಟು ವರ್ಷದ ಹುಡುಗನೊಬ್ಬ ಎದ್ದುನಿಂತು, “ಅಕ್ಕಾ, ನಾಲ್ಕು ರೆಕ್ಕೆ ಇದ್ದಮೇಲೆ ಪ್ಯಾರಾಚೂಟ್ ಯಾಕೆ?” ಎಂದು ಕೇಳಿದ. ಅವನ ಪ್ರಶ್ನೆ ನ್ಯಾಯವಾಗಿತ್ತು. ರೆಕ್ಕೆ ಇರುವುದು ಹಾರುವುದಕ್ಕೆ, ಇಳಿಯುವಾಗ ತೇಲುವುದಕ್ಕೆ. ರಾಕೆಟ್ಟಿನ ಫಿನ್ ಇವೆರಡನ್ನೂ ಮಾಡುವುದಿಲ್ಲ. ಮೇಲಕ್ಕೆ ತಳ್ಳುವುದು ಮೋಟರು, ಕೆಳಕ್ಕೆ ಮೆಲ್ಲಗೆ ಇಳಿಸುವುದು ಪ್ಯಾರಾಚೂಟು. ಫಿನ್ನಿನ ಕೆಲಸ ಒಂದೇ: ಮೂತಿ ಆಚೀಚೆ ವಾಲಿದಾಗ ಗಾಳಿ ಪಕ್ಕದಿಂದ ಅದಕ್ಕೆ ಬಡಿದು, ಬಾಲವನ್ನು ಮತ್ತೆ ಸಾಲಿಗೆ ತರುವುದು.

ಮಗಳು ಆಗ ಮಾಡಿದ್ದನ್ನು ನಾನು ಹಿಂದಿನ ಬೆಂಚಿನಿಂದ ನೋಡಿದೆ. ರಟ್ಟಿನ ಕೊಳವೆಯ ಒಂದು ಪುಟ್ಟ ರಾಕೆಟ್ ತಂದಿದ್ದಳು. ಅದನ್ನು ಬೆರಳಿನ ಮೇಲೆ ಅಡ್ಡ ಇಟ್ಟು, ಎರಡೂ ಕಡೆ ಸಮನಾಗಿ ತೂಗುವ ಜಾಗ ಹುಡುಕಿ, ಅಲ್ಲಿಗೆ ದಾರ ಕಟ್ಟಿ ಟೇಪು ಸುತ್ತಿದಳು. ಮಕ್ಕಳನ್ನು ದೂರ ನಿಲ್ಲಿಸಿ ತಲೆಯ ಮೇಲೆ ಗರಗರನೆ ಬೀಸಿದಳು. ರಾಕೆಟ್ ಮೂತಿ ಮುಂದಾಗಿ ನೆಟ್ಟಗೆ ಸುತ್ತಿತು. ಆಮೇಲೆ ಫಿನ್ನುಗಳನ್ನು ಕಿತ್ತು, ಮತ್ತೆ ತೂಕ ನೋಡಿ, ದಾರದ ಗಂಟು ಸರಿಸಿ ಬೀಸಿದಳು. ಈ ಬಾರಿ ಕೊಳವೆ ಅಡ್ಡಾದಿಡ್ಡಿ ಹೊರಳಾಡಿತು. “ಬಾಣಕ್ಕೆ ಹಿಂದೆ ಗರಿ ಕಟ್ಟುತ್ತಾರಲ್ಲ, ಹಾಗೆ” ಎಂದಳು. ಆ ಹುಡುಗ ತಲೆಯಾಡಿಸಿ ಕುಳಿತ. ಆ ಮಾತನ್ನು ಅವಳು ಮೊದಲೇ ಯೋಚಿಸಿ ಬಂದಿರಲಿಲ್ಲ.

ಅಂದಿನಿಂದ ‘ಗರಿ’ ನನ್ನ ತಲೆಯಲ್ಲಿ ಕೂತಿದೆ. ಹಳಗನ್ನಡದಲ್ಲಿ ಇದು ‘ಗಱಿ’. ನವಿಲಿಗೂ ಗರಿ, ತೆಂಗಿಗೂ ಗರಿ, ಬಾಣಕ್ಕೂ ಗರಿ. ಹಕ್ಕಿಯ ಪುಕ್ಕಕ್ಕಷ್ಟೇ ಅಂಟಿಕೊಂಡ ಪದವಲ್ಲವಾದ್ದರಿಂದ 3 ಮಿಲಿಮೀಟರ್ ದಪ್ಪದ ಪ್ಲೈವುಡ್ ತುಂಡಿಗೆ ಬಳಸಿದರೂ ಮುಜುಗರವಾಗುವುದಿಲ್ಲ. ಸಂಸ್ಕೃತದಲ್ಲಿ ಬಾಣದ ಗರಿ ಕಟ್ಟಿದ ಹಿಂಬದಿಗೆ ‘ಪುಂಖ’ ಎಂಬ ಹೆಸರೇ ಇದೆ. ಒಂದು ಬಾಣದ ಬೆನ್ನಿಗೆ ಇನ್ನೊಂದು ಬರುವುದನ್ನು ಹೇಳುವ ‘ಪುಂಖಾನುಪುಂಖ’ವನ್ನು ನಾವು ಇಂದಿಗೂ ಪತ್ರಿಕೆಗಳಲ್ಲಿ ಓದುತ್ತೇವೆ. ಆದರೆ ‘ನಾಲ್ಕು ಪುಂಖಗಳ ರಾಕೆಟ್’ ಎಂದರೆ ಎಂಟು ವರ್ಷದವನಿಗೆ ಏನು ತಿಳಿದೀತು?

ಬೇರೆ ಪದಗಳನ್ನೂ ತೂಗಿ ನೋಡಿದ್ದೇನೆ. ‘ಈಜುರೆಕ್ಕೆ’ ಮೀನಿನ ಪಾಠದಲ್ಲಿ ಬರುವ ಒಳ್ಳೆಯ ಪದ. ಆದರೆ ಆಕಾಶದಲ್ಲಿ ಈಜು ಹೊಂದುವುದಿಲ್ಲ, ಜೊತೆಗೆ ರೆಕ್ಕೆಯ ತೊಡಕು ಅಲ್ಲಿಯೂ ಉಳಿಯುತ್ತದೆ. ನಮ್ಮ ಯಜಮಾನರು ‘ಸ್ಥಿರಫಲಕ’ ಎಂದರು. ಅರ್ಥ ಸರಿಯಾಗಿದೆ, ಆದರೆ ಬಾಯಿಗೆ ಬಾರದು. ‘ಫಿನ್’ ಎಂದೇ ಇರಿಸಿಕೊಳ್ಳುವುದಕ್ಕೆ ನನ್ನ ವಿರೋಧವಿಲ್ಲ; ರಾಕೆಟ್, ಮೋಟರು, ಪ್ಯಾರಾಚೂಟುಗಳನ್ನು ಹಾಗೆಯೇ ಬಿಟ್ಟಿದ್ದೇವಲ್ಲ. ನನ್ನ ತಕರಾರು ಇರುವುದು ‘ರೆಕ್ಕೆ’ಯ ಬಗ್ಗೆ ಮಾತ್ರ. ಎರವಲು ಪದ ಸುಮ್ಮನಿರುತ್ತದೆ, ತಪ್ಪು ಪದ ತಪ್ಪನ್ನು ಕಲಿಸುತ್ತದೆ.

‘ಗರಿ’ಗೆ ಬರಬಹುದಾದ ಒಂದು ಆಕ್ಷೇಪವನ್ನು ನಾನೇ ಹೇಳಿಬಿಡುತ್ತೇನೆ. ರಾಕೆಟ್ಟನ್ನು ಬಾಣವೆಂದು ಕರೆಯುವುದು ನಮಗೆ ಹೊಸದಲ್ಲ. ‘ಬಾಣಬಿರುಸು’ ಇದ್ದೇ ಇದೆ. ನನ್ನ ತವರು ಹೊಸನಗರ ತಾಲ್ಲೂಕು. ಅಲ್ಲಿಯ ನಗರದಲ್ಲಿ, ಹಳೆಯ ಬಿದನೂರಿನಲ್ಲಿ, 2018ರಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳನ್ನು ತೆಗೆದದ್ದು ನಿಮಗೆ ನೆನಪಿರಬಹುದು. ಹೈದರ್, ಟಿಪ್ಪು ಕಾಲದ ಆ ಬಾಣಗಳಿಗೆ ಗರಿ ಇರಲಿಲ್ಲ. ಕಬ್ಬಿಣದ ಕೊಳವೆಗೆ ಉದ್ದನೆಯ ಬಿದಿರು ಕಟ್ಟುತ್ತಿದ್ದರು, ದೀಪಾವಳಿಯ ರಾಕೆಟ್ಟಿನ ಕಡ್ಡಿಯಂತೆ. ಗರಿಯ ಕೆಲಸವನ್ನು ಆ ಬಿದಿರೇ ಮಾಡುತ್ತಿತ್ತು. ಹಾಗಾದರೆ ಆ ಬಿದಿರಿಗೆ ಬೇರೆ ಹೆಸರೇನಾದರೂ ಇತ್ತೇ? ಇದ್ದಿದ್ದರೆ ಅದನ್ನೇ ಹಿಡಿಯಬಹುದು. (ಅಂದಹಾಗೆ ‘ರಾಕೆಟ್’ ಪದದ ಮೂಲ ಇಟಲಿಯ ನೂಲುವವರ ಮನೆಯಲ್ಲಿದೆ. ನೂಲಿನ ಉರುಳೆಗೆ ಅಲ್ಲಿ ‘ರೊಕೆಟ್ಟೊ’ ಎನ್ನುತ್ತಾರೆ. ಆಕಾರ ನೋಡಿ ಬಂದ ಹೆಸರು.)

ಇನ್ನೊಂದು ಪದವೂ ಬೇಕಾಗಿದೆ, ಇದು ಗರಿಯದೇ ಮುಂದುವರಿಕೆ. ಗಾಳಿಯಿದ್ದ ದಿನ ರಾಕೆಟ್ ನೆಟ್ಟಗೆ ಹೊರಡಲೆಂದು ನಿಲ್ಲಿಸಿದ ಏರುಗಂಬಿಯನ್ನು ಬಿಟ್ಟ ಕೂಡಲೇ ಮೂತಿಯನ್ನು ಗಾಳಿ ಬರುವ ಕಡೆಗೆ ತಿರುಗಿಸಿಬಿಡುತ್ತದೆ. ವೇಗ ಇನ್ನೂ ಕೂಡಿರದ ಹೊತ್ತಿನಲ್ಲಿ ಅಡ್ಡಗಾಳಿ ಗರಿಗಳನ್ನು ನೂಕಿ ಬಾಲ ಹಿಂದಕ್ಕೆ ಹೋಗುತ್ತದೆ, ಮೂತಿ ಗಾಳಿಗೆ ಎದುರಾಗುತ್ತದೆ. ಗರಿ ದೊಡ್ಡದಾದಷ್ಟೂ ಇದು ಹೆಚ್ಚು. ಮಗಳ ರಾಕೆಟ್ ಗಾಳಿಯಿಲ್ಲದ ಬೆಳಿಗ್ಗೆ 803 ಅಡಿ ಏರಿತ್ತು, ದಂಡ ಹದಿನೇಳೇ ಅಂಕ. ಅದೇ ರಾಕೆಟ್, ಅದೇ ಬಗೆಯ ಮೋಟರು, ಗಾಳಿಯೆದ್ದ ಮಧ್ಯಾಹ್ನ ಓರೆಯಾಗಿ ಹೋಗಿ 761 ಅಡಿಗೇ ನಿಂತಿತು. ಮಕ್ಕಳು ಗರಿಯ ಅಂಚನ್ನು ಮರಳು ಕಾಗದದಲ್ಲಿ ತಿಕ್ಕಿ ತಿಕ್ಕಿ ಚಿಕ್ಕದು ಮಾಡಿದ ಪುಡಿ ನಮ್ಮ ಗ್ಯಾರೇಜಿನ ನೆಲದಲ್ಲಿ ಎಷ್ಟೋ ದಿನ ಇತ್ತು.

ಇಂಗ್ಲಿಷಿನವರು ಇದಕ್ಕೆ ಮನೆಯ ಮಾಡಿನ ಮೇಲೆ ಗಾಳಿಗೆ ತಿರುಗುವ ತಗಡಿನ ಹುಂಜದ ಹೆಸರಿಟ್ಟಿದ್ದಾರೆ: ‘ವೆದರ್‌ಕಾಕಿಂಗ್’. ನಮ್ಮ ಮಾಡಿನ ಮೇಲೆ ಅಂಥ ಹುಂಜವಿಲ್ಲ. ಮಗಳು ‘ಗಾಳಿಗೆ ಮೂತಿಯೊಡ್ಡುವುದು’ ಎಂದು ಬರೆದಿದ್ದಾಳೆ, ಅದು ನನಗೆ ಇಷ್ಟವಾಗಿದೆ. ಆದರೂ ಲಂಗರು ಹಾಕಿದ ದೋಣಿ ಹೀಗೆಯೇ ಗಾಳಿಗೆ ಮುಖಮಾಡಿ ನಿಲ್ಲುತ್ತದೆ. ಕಾರವಾರ, ಹೊನ್ನಾವರ, ಮಲ್ಪೆಯ ಕಡೆ ದೋಣಿಯವರ ಬಾಯಲ್ಲಿ ಇದಕ್ಕೊಂದು ಮಾತು ಇದ್ದೇ ಇರಬೇಕು. ಆ ಕಡೆಯವರು ಯಾರಾದರೂ ಕೇಳಿದ್ದರೆ ದಯವಿಟ್ಟು ತಿಳಿಸಿ. ಬಿಲ್ಲುಬಾಣ ಮಾಡುವವರನ್ನು ಬಲ್ಲವರು, ಅವರು ಬಾಣದ ಹಿಂಬದಿಗೆ ಏನೆನ್ನುತ್ತಾರೆಂದು ಕೇಳಿ ಬರೆದರೆ ಇನ್ನೂ ಉಪಕಾರ. ಇಲ್ಲಿನ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಮಗಳ ಬರಹವನ್ನು ಈ ತಿಂಗಳ ಕೊನೆಗೆ ಕೊಡಬೇಕು. ಸದ್ಯಕ್ಕೆ ಕರಡಿನಲ್ಲಿ ಎಲ್ಲ ಕಡೆ ‘ರೆಕ್ಕೆ’ ಹೊಡೆದುಹಾಕಿ ಪೆನ್ಸಿಲಿನಲ್ಲಿ ‘ಗರಿ’ ಎಂದು ತಿದ್ದಿದ್ದೇವೆ.