ಮಕ್ಕಳ ಕಾರ್ ರೇಸ್: ‘ಚೆಂದದ ಕಾರು’ ಯಾವುದು ಅಂತ ಹೇಳೋದು ಹೇಗೆ?

ವಿರಾಜಪೇಟೆ ಅಮ್ಮ:
ಮುಂದಿನ ತಿಂಗಳು ನಮ್ಮ ಬೀದಿಯ ಮಕ್ಕಳಿಗೆ ಮರದ ಕಾರಿನ ರೇಸ್ ಇದೆ. ಅಮೆರಿಕದ ಸ್ಕೌಟ್ ಮಕ್ಕಳ ಪೈನ್‌ವುಡ್ ಡರ್ಬಿ ನೋಡಿ ಶುರು ಮಾಡಿದ್ದು. ಒಂದು ಮರದ ತುಂಡು, ನಾಲ್ಕು ಚಕ್ರ, ನಾಲ್ಕು ಮೊಳೆ. ಮೋಟಾರ್ ಇಲ್ಲ, ಇಳಿಜಾರು ಹಲಗೆ ಮೇಲೆ ಬಿಟ್ಟರೆ ತಾನಾಗಿ ಓಡಬೇಕು. ಯಾರು ಮೊದಲು ಬಂದರು ಅನ್ನೋದಕ್ಕೆ ತಕರಾರಿಲ್ಲ. ತಕರಾರು ಇರೋದು ವಿನ್ಯಾಸದ ಬಹುಮಾನಕ್ಕೆ. ಕಳೆದ ವರ್ಷ ಶೋರೂಮಿನಿಂದ ಇಳಿದ ಹಾಗೆ ಹೊಳೆಯುತ್ತಿದ್ದ ಕೆಂಪು ಕಾರಿಗೆ ಕೊಟ್ಟೆವು. ಆಮೇಲೆ ಆ ಹುಡುಗನೇ ಪಕ್ಕದವನಿಗೆ ಹೇಳಿದ, ‘ಪಪ್ಪ ನನಗೆ ಮುಟ್ಟೋಕೇ ಬಿಡಲಿಲ್ಲ’ ಅಂತ. ಈ ಸಲ ಜಡ್ಜ್ ನಾನು. ಏನು ಮಾಡಲಿ?

ಸಿಲ್ವರ್ ಓಕ್:
ಅಕ್ಕ, ಅಪ್ಪನ ಕೈ ಇರೋದು ತಪ್ಪಲ್ಲ. 1953ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚಿನಲ್ಲಿ ಡಾನ್ ಮರ್ಫಿ ಅನ್ನುವವರು ಇದನ್ನು ಶುರು ಮಾಡಿದ್ದು. ಮಕ್ಕಳು ಒಳಗೆ ಕೂತು ಇಳಿಜಾರಿನಲ್ಲಿ ಓಡಿಸೋ ಸೋಪ್‌ಬಾಕ್ಸ್ ಗಾಡಿ ರೇಸಿಗೆ ಮಗನಿಗೆ ವಯಸ್ಸು ಸಾಲದು, ಅದಕ್ಕೆ ಈ ಪುಟ್ಟ ಕಾರು. ಅಪ್ಪ ಮಗ ಕೂತು ಮಾಡಲಿ ಅಂತಲೇ ಇರುವ ಆಟ. ಎಷ್ಟು ಕೈ ಅನ್ನೋದಷ್ಟೇ ಪ್ರಶ್ನೆ.

ನಾನು ಬಡಗಿ ಕೆಲಸದವನು. ಕಾರನ್ನು ತಿರುಗಿಸಿ ಹೊಟ್ಟೆ ನೋಡಿ. ಮೇಲೆ ಎಷ್ಟೇ ಬಣ್ಣ ಬಳಿದರೂ ಅಡಿಯಲ್ಲಿ ಗೊತ್ತಾಗುತ್ತೆ. ಮಗು ಕೊಯ್ದಿದ್ದರೆ ಪೆನ್ಸಿಲ್ ಗೆರೆ ಒಂದು ಕಡೆ, ಗರಗಸ ಹೋದದ್ದು ಇನ್ನೊಂದು ಕಡೆ. ಬಣ್ಣದಲ್ಲಿ ಸಣ್ಣ ಹೆಬ್ಬೆರಳಿನ ಗುರುತು ಇರುತ್ತೆ.

ಗೋಣಿಕೊಪ್ಪ ಪಪ್ಪ:
ಅಂದರೆ ವಕ್ರವಾಗಿ ಕೊಯ್ದರೆ ಬಹುಮಾನ, ನೇರವಾಗಿ ಕೊಯ್ದರೆ ಇಲ್ಲ ಅಂತಲಾ? ನನ್ನ ಮಗಳಿಗೆ ಮರಳು ಕಾಗದ ಉಜ್ಜೋದು ಹೇಗೆ ಅಂತ ಮೂರು ಸಂಜೆ ಹೇಳಿಕೊಟ್ಟಿದ್ದೇನೆ. ಅವಳದ್ದು ನುಣುಪಾಗಿಯೇ ಇತ್ತು. ನುಣುಪು ಕಂಡರೆ ಸಂಶಯ ಪಡೋದು ಯಾವ ನ್ಯಾಯ?

ಟೀಚರ್, ಸೋಮವಾರಪೇಟೆ:
ಪಪ್ಪ ಹೇಳಿದ್ದು ಸರಿ. ಹೊಟ್ಟೆ ನೋಡಿ, ಜೊತೆಗೆ ಮಗುವನ್ನೂ ಕೇಳಿ. ನಾವು ಶಾಲೆಯಲ್ಲಿ ಹಾಗೇ ಮಾಡಿದ್ದು. ಒಬ್ಬನ ಕಾರಿನ ಒಂದು ಪಕ್ಕ ಕಚ್ಚಿ ತೆಗೆದ ಹಾಗಿತ್ತು. ಯಾಕಪ್ಪ ಅಂದೆ. ‘ಗರಗಸ ಜಾರಿತು ಮಿಸ್, ಅದಕ್ಕೆ ಬಾಗಿಲು ತೆರೆದಿರೋ ಥರ ಮಾಡಿದೆ’ ಅಂದ. ನೋಡಿದರೆ ಬೆಂಕಿಪೊಟ್ಟಣದ ರಟ್ಟಿನ ಬಾಗಿಲು, ಒಳಗೆ ಸೀಟು! ಅಂಕ ಯಾರಿಗೆ ಅಂತ ನನಗೆ ಅಲ್ಲೇ ತೀರ್ಮಾನವಾಯಿತು.

ಮಂಜು ಮಳೆ:
ಮಾತು ಬಾರದ ಮಕ್ಕಳು? ನನ್ನ ಮಗ ಮೈಕ್ ಕಂಡರೆ ನನ್ನ ಪಂಚೆ ಹಿಡಿದುಕೊಂಡು ಹಿಂದೆ ನಿಲ್ತಾನೆ. ಬಾಯಿ ಇದ್ದವನಿಗೆ ಬಹುಮಾನ ಆಗುತ್ತೆ ಅಷ್ಟೇ.

ಟೀಚರ್, ಸೋಮವಾರಪೇಟೆ:
ಮೈಕ್ ಬೇಡವೇ ಬೇಡ. ಕಾರು ತೂಕ ಮಾಡೋ ಮೇಜಿನ ಹತ್ರ ಸುಮ್ನೆ ಕೇಳೋದು. ಅಪ್ಪ ಅಮ್ಮ ಹೊರಗೆ. ಕಾರಿಗೆ ನಂಬರ್ ಮಾತ್ರ, ಹೆಸರು ಇಲ್ಲ. ಮಾತಾಡದ ಮಗು ಬೆರಳಿಟ್ಟು ತೋರಿಸಲಿ, ಸಾಕು.

ಕಾಫಿ ರೈಟರ್:
ನಮ್ಮ ತೋಟದ ಲೈನ್ ಮನೆಯ, ಅಂದರೆ ಕೂಲಿ ಕೆಲಸದವರ ಸಾಲು ಮನೆಯ, ಮೂರು ಮಕ್ಕಳು ಕಳೆದ ಸಲ ಬಂದಿದ್ದರು. ಅವರ ಮನೆಯಲ್ಲಿ ಕತ್ತಿ ಬಿಟ್ಟರೆ ಬೇರೆ ಆಯುಧ ಇಲ್ಲ. ಡ್ರಿಲ್ ಇರೋ ಮನೆ, ಸ್ಪ್ರೇ ಪೇಂಟ್ ಇರೋ ಮನೆ ಜೊತೆ ಅವರನ್ನು ಒಂದೇ ಮೇಜಿನ ಮೇಲೆ ಇಟ್ಟು, ಆಮೇಲೆ ಜಡ್ಜ್ ಎಷ್ಟು ಒಳ್ಳೆಯವರಾದರೇನು? ಎರಡು ಭಾನುವಾರ ಎಲ್ಲರೂ ಒಂದೇ ಕಡೆ ಕೂತು ಮಾಡಲಿ.

ಸಿಲ್ವರ್ ಓಕ್:
ಅಣ್ಣ, ಇದು ಮಾತು. ನನ್ನ ಶೆಡ್ಡಿಗೆ ಕಳಿಸಿ. ಸಿಲ್ವರ್ ಓಕ್ ತುಂಡು ಬೇಕಾದಷ್ಟಿದೆ. ಆದರೆ ಮಳೆ ನಿಂತ ಮೇಲೆ ಬನ್ನಿ. ಈ ಥಂಡಿಯಲ್ಲಿ ಬಣ್ಣ ಮೂರು ದಿನ ಆದರೂ ಅಂಟುತ್ತೆ.

ಮಡಿಕೇರಿ ಮೈದ:
ನಮ್ಮ ಕೊಡವರ ಕೈಲ್ ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೀತೀವಲ್ಲ, ಕಾಯಿ ಒಡೆದರೆ ಒಡೆಯಿತು, ಮಾತಿಲ್ಲ. ಮಡಿಕೇರಿ ದಸರಾದ ದಶಮಂಟಪ ನೋಡಿ, ಹತ್ತು ದೇವಸ್ಥಾನಗಳ ಮಂಟಪಗಳಿಗೆ ಸ್ಪರ್ಧೆ, ತೀರ್ಪು ಬಂದ ಮೇಲೆ ವಾರಗಟ್ಟಲೆ ಅದೇ ಮಾತು. ಚೆಂದಕ್ಕೆ ಅಂಕ ಕೊಡೋ ಕೆಲಸವೇ ಹಾಗೆ. ಈ ಬಹುಮಾನ ತೆಗೆದೇ ಬಿಡಿ, ವೇಗಕ್ಕೆ ಮಾತ್ರ ಕೊಡಿ.

ಟೀಚರ್, ಸೋಮವಾರಪೇಟೆ:
ವೇಗಕ್ಕೆ ಮಾತ್ರ ಕೊಟ್ಟರೆ ಎಲ್ಲರೂ ಬಾಗಿಲಿಗೆ ಇಡೋ ಆಪು ಥರದ್ದೇ ಮಾಡ್ತಾರೆ. ಅಮೆರಿಕದ ಡರ್ಬಿ ನಿಯಮದಲ್ಲಿ ಕಾರಿನ ತೂಕ 5 ಔನ್ಸ್ ಮೀರಬಾರದು, ಅಂದರೆ ಸುಮಾರು 142 ಗ್ರಾಂ. ಮಿತಿ ಮುಟ್ಟುವಷ್ಟು ಭಾರ ಹಿಂದೆ ತುಂಬಿ, ಮೂತಿ ತೆಳ್ಳಗೆ ಮಾಡಿ, ಮೊಳೆಗೆ ಗ್ರಾಫೈಟ್ ಪುಡಿ ಹಾಕಿದರೆ ಓಡುತ್ತೆ. ಆಮೇಲೆ ಆನೆ ಥರದ ಕಾರು ಯಾರು ಮಾಡ್ತಾರೆ?

ಮಂಜು ಮಳೆ:
ಹಾಗಾದರೆ ಎಲ್ಲರಿಗೂ ಒಂದೊಂದು ಕೊಟ್ಟರೆ?

ಗೋಣಿಕೊಪ್ಪ ಪಪ್ಪ:
ಮಕ್ಕಳು ದಡ್ಡರಲ್ಲ. ‘ಅತ್ಯುತ್ತಮ ಪ್ರಯತ್ನ’ ಅಂದರೆ ಏನು ಅಂತ ಎರಡನೇ ಕ್ಲಾಸಿನವನಿಗೂ ಗೊತ್ತು.

ವಿರಾಜಪೇಟೆ ಅಮ್ಮ:
ಇಷ್ಟು ಮಾಡ್ತೇನೆ. ಸಿಲ್ವರ್ ಓಕ್ ಅಣ್ಣನ ಶೆಡ್ಡಿನಲ್ಲಿ ಎರಡು ಭಾನುವಾರ. ಅಪ್ಪಂದಿರಿಗೆ ಬೇರೆ ರೇಸ್, ಅಲ್ಲಿ ಡ್ರಿಲ್ ತನ್ನಿ, ಲೇತ್ ಬೇಕಾದರೂ ತನ್ನಿ. ನನ್ನ ಜೊತೆ ಇನ್ನಿಬ್ಬರು ಜಡ್ಜ್, ರೇಸಿನಲ್ಲಿ ಅವರ ಮಕ್ಕಳು ಇರಬಾರದು. ಒಂದು ಬಹುಮಾನ ಮಕ್ಕಳೇ ಓಟು ಹಾಕಿ ಆರಿಸಿದ ಕಾರಿಗೆ, ತನ್ನ ಕಾರಿಗೆ ತಾನೇ ಓಟು ಹಾಕುವ ಹಾಗಿಲ್ಲ. ಉಳಿದ ಬಹುಮಾನಗಳ ಹೆಸರು ಕಾರು ನೋಡಿದ ಮೇಲೆ ಇಡ್ತೇವೆ. ಮೊದಲೇ ಹೆಸರು ಇಟ್ಟಿದ್ದರಿಂದ ಕಳೆದ ಸಲ ಜಿಗಣೆ ಕಾರಿಗೆ ಏನೂ ಸಿಗಲಿಲ್ಲ. ಕಪ್ಪು ಬಣ್ಣ, ಮುಂದೆ ಕೆಂಪು ಬಾಯಿ. ನನಗೆ ಅದೇ ಇಷ್ಟವಾಗಿತ್ತು, ಹೇಳುವ ಧೈರ್ಯ ಬರಲಿಲ್ಲ.

ಕಾಫಿ ರೈಟರ್:
ಜಿಗಣೆ ಹುಡುಗಿ ಈ ಸಲ ಬರ್ತಾಳಾ ಮೇಡಂ?

ವಿರಾಜಪೇಟೆ ಅಮ್ಮ:
ಬರ್ತಾಳೆ. ಏನು ಮಾಡ್ತಿದ್ದೀಯ ಅಂದರೆ ಬಾಯಿ ಬಿಡ್ತಿಲ್ಲ. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಕಾಣ್ತಿಲ್ಲ ಅಂತ ಅವಳಮ್ಮ ಹುಡುಕ್ತಿದ್ದಾರೆ.